ಬೆರಕೆ ಹೇಂಟೆಯ ತಳಿ ಗುರುತಿಸಿ, ಮೊಟ್ಟೆಯ ಬಣ್ಣ ಮೊದಲೇ ಅಂದಾಜು ಮಾಡುವುದು ಹೇಗೆ?

ಹಾಸನ, ಚಿಕ್ಕಮಗಳೂರು ಕಡೆ ಇವತ್ತು ಯಾವ ಹಿತ್ತಲಿಗೆ ಹೋದರೂ ಪೂರ್ತಿ ನಾಟಿ ಎನ್ನುವ ಕೋಳಿ ಸಿಗುವುದು ಕಷ್ಟ. ಪಶುಸಂಗೋಪನಾ ಇಲಾಖೆಯವರು ಕೊಟ್ಟ ಗಿರಿರಾಜ ಮರಿ, ಯಾರೋ ಆಸೆಪಟ್ಟು ತಂದ ಕಪ್ಪು ಮೈಯ ಕಡಕ್‌ನಾಥ್, ಟೆಂಪೋದಲ್ಲಿ ಮೈಕ್ ಹಾಕಿಕೊಂಡು ಬಂದು ಮಾರಿದ ಫಾರಂ ಕೋಳಿ, ಎಲ್ಲವೂ ಊರಿನ ಹುಂಜದ ಜೊತೆ ಬೆರೆತುಹೋಗಿವೆ. ಹಾಗಾಗಿ ಒಂದೇ ಮನೆಯ ಮೊಟ್ಟೆ ಬುಟ್ಟಿಯಲ್ಲಿ ಅಚ್ಚ ಬಿಳಿಯಿಂದ ಗಾಢ ಕಂದಿನವರೆಗೆ ನಾಲ್ಕೈದು ಬಣ್ಣ ಕಾಣುತ್ತವೆ.

ಬಣ್ಣ ಗೊತ್ತಾಗಿ ಏನಾಗಬೇಕು ಅಂತೀರಾ? ಮೊಟ್ಟೆ ಮಾರುವವರಿಗೆ ಇದು ದುಡ್ಡಿನ ಮಾತು. ಪೇಟೆಯವರು ಚಿಪ್ಪಿನ ಬಣ್ಣ ನೋಡಿಯೇ ನಾಟಿಯೋ ಅಲ್ಲವೋ ಎಂದು ತೀರ್ಮಾನ ಮಾಡುತ್ತಾರೆ. ಮರಿ ಮಾಡಿಸುವವರಿಗೆ ಯಾವ ಹೇಂಟೆಯ ಮೊಟ್ಟೆ ಕಾವಿಗೆ ಇಡಬೇಕು ಎನ್ನುವುದಕ್ಕೆ ಬೇಕು. ಸಂತೆಯಲ್ಲಿ ಎಳೆ ಹೇಂಟೆ ಕೊಳ್ಳುವವರಿಗೆ ಮೋಸ ಹೋಗದಿರಲು ಬೇಕು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವಿದೇಶದವರು ಬರೆದ ಪಟ್ಟಿ ಇಟ್ಟುಕೊಂಡು ನಮ್ಮ ಕೋಳಿ ನೋಡಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿನ ಹಿತ್ತಲಲ್ಲಿ ಬೆರೆತಿರುವ ತಳಿಗಳೇ ಬೇರೆ, ಇಲ್ಲಿನವೇ ಬೇರೆ. ಒಂದೇ ಗುರುತಿಗೆ ಅಲ್ಲಿ ಒಂದು ಅರ್ಥ, ಇಲ್ಲಿ ಇನ್ನೊಂದು.

ಮೊದಲು: ಚಿಪ್ಪಿಗೆ ಬಣ್ಣ ಬರುವುದು ಎಲ್ಲಿಂದ?

ಒಂದು ಮೊಟ್ಟೆ ತಯಾರಾಗಲು ಸುಮಾರು 24ರಿಂದ 26 ಗಂಟೆ ಬೇಕು. ಅದರಲ್ಲಿ ಹೆಚ್ಚುಕಡಿಮೆ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಚಿಪ್ಪು ಅಂದರೆ ಬಹುಪಾಲು ಸುಣ್ಣ, ಅದರ ಸಹಜ ಬಣ್ಣ ಬಿಳಿ. ಕಂದು ಮೊಟ್ಟೆ ಇಡುವ ಹೇಂಟೆಯಲ್ಲಿ ಕೊನೆಯ ಕೆಲವು ಗಂಟೆಗಳಲ್ಲಿ ಪ್ರೋಟೋಪಾರ್ಫಿರಿನ್ ಎನ್ನುವ ಬಣ್ಣದ ವಸ್ತು ಬಿಳಿ ಚಿಪ್ಪಿನ ಮೇಲೆ ಕೂರುತ್ತದೆ. ಗೋಡೆಗೆ ಸುಣ್ಣ ಬಳಿದು ಆಮೇಲೆ ಮೇಲೊಂದು ಕೋಟ್ ಕೆಮ್ಮಣ್ಣು ಹೊಡೆದ ಹಾಗೆ.

ಇದನ್ನು ಕಣ್ಣಾರೆ ನೋಡಬಹುದು. ಕಂದು ಮೊಟ್ಟೆಯ ಚಿಪ್ಪಿನ ಒಂದು ಚೂರನ್ನು ವಿನೆಗರ್‌ನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿಡಿ. ಸುತ್ತ ಸಣ್ಣ ಗುಳ್ಳೆ ಏಳುತ್ತವೆ. ಆಮೇಲೆ ಬೆರಳಲ್ಲಿ ಉಜ್ಜಿ. ಕಂದು ಪದರ ಹಿಟ್ಟಿನಂತೆ ಬೆರಳಿಗೆ ಹತ್ತಿ, ಕೆಳಗಿನ ಬಿಳಿ ಕಾಣುತ್ತದೆ. ಚಿಪ್ಪಿನ ಒಳಮೈ ಅಂತೂ ಮೊದಲಿನಿಂದಲೇ ಬಿಳಿ.

ನೀಲಿ ಮೊಟ್ಟೆಯ ಕತೆ ಬೇರೆ. ಬಿಲಿವರ್ಡಿನ್ ಎನ್ನುವ ವಸ್ತು ಚಿಪ್ಪಿನ ಉದ್ದಕ್ಕೂ, ಒಳಗೂ ಹೊರಗೂ ಸೇರಿಕೊಂಡಿರುತ್ತದೆ. ಅದರ ಮೇಲೆ ಕಂದು ಕೋಟ್ ಬಿದ್ದರೆ ಹಸಿರು ಮೊಟ್ಟೆ. ಅಂದರೆ ಬುಡದ ಬಣ್ಣ ಎರಡೇ, ಬಿಳಿ ಅಥವಾ ನೀಲಿ. ಉಳಿದ ಬಣ್ಣವೆಲ್ಲ ಮೇಲಿನ ಕಂದು ಎಷ್ಟು ದಪ್ಪ ಎನ್ನುವುದರ ಮೇಲೆ.

ಮೇವಿಗೂ ಚಿಪ್ಪಿನ ಬಣ್ಣಕ್ಕೂ ಸಂಬಂಧ ಇಲ್ಲ. ಸೊಪ್ಪು, ಜೋಳ ಜಾಸ್ತಿ ತಿಂದರೆ ಒಳಗಿನ ಹಳದಿ ಕಡುವಾಗುತ್ತದೆ, ಅಷ್ಟೇ. ರಾಗಿ ತಿನ್ನಿಸಿದರೆ ಮೊಟ್ಟೆ ಕೆಂಪಾಗುತ್ತದೆ ಎಂದು ಹೇಳುವವರಿದ್ದಾರೆ, ಅದು ನಿಜವಲ್ಲ.

ಹೆಜ್ಜೆ 1: ಅಪ್ಪ ಯಾರು ಎಂದು ಕೇಳಿ

ಕೋಳಿಯ ಮೈ ಮುಟ್ಟುವ ಮೊದಲು ಕೊಟ್ಟವರನ್ನು ಮಾತಾಡಿಸಿ. ಅಮ್ಮನ ಮೊಟ್ಟೆ ಯಾವ ಬಣ್ಣ ಎಂದು ಎಲ್ಲರೂ ಕೇಳುತ್ತಾರೆ. ಹುಂಜದ ಬಗ್ಗೆ ಯಾರೂ ಕೇಳುವುದಿಲ್ಲ. ಮಗಳ ಮೊಟ್ಟೆಯ ಬಣ್ಣದಲ್ಲಿ ಅರ್ಧ ಪಾಲು ಅಪ್ಪನದು. ಹುಂಜ ಮೊಟ್ಟೆ ಇಡುವುದಿಲ್ಲವಾದ್ದರಿಂದ ಅವನ ಪಾಲು ಏನು ಎಂದು ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ "ಹುಂಜ ಎಲ್ಲಿಂದ ಬಂತು, ಅದರ ಅಕ್ಕತಂಗಿಯರು ಎಂಥ ಮೊಟ್ಟೆ ಇಡ್ತಿದ್ವು?" ಎಂದು ಕೇಳಬೇಕು. ಪಕ್ಕದ ಮನೆಯ ಹುಂಜವೂ ಬೇಲಿ ಹಾರಿ ಬರುತ್ತದೆ, ಅದನ್ನೂ ವಿಚಾರಿಸಿ.

ಮರಿ ಇಲಾಖೆಯಿಂದ ಬಂದಿದ್ದೋ, ಸಂತೆಯಿಂದ ತಂದಿದ್ದೋ, ಮನೆಯಲ್ಲೇ ಕಾವಿಗೆ ಕೂರಿಸಿದ್ದೋ ಎನ್ನುವುದೂ ಮುಖ್ಯ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವ ಹೂಮರಿಗಳು ಬಹುತೇಕ ಲೇಯರ್ (ಮೊಟ್ಟೆಗೆಂದೇ ಸಾಕುವ ಕೋಳಿ) ಹ್ಯಾಚರಿಯವರು ಬೇಡವೆಂದು ಬೇರ್ಪಡಿಸಿದ ಗಂಡು ಮರಿಗಳು. ಅವುಗಳಿಂದ ಮೊಟ್ಟೆ ಕಾಯುವುದು ಸುಮ್ನೆ ದಂಡ.

ಹೆಜ್ಜೆ 2: ರಾತ್ರಿ ಹಿಡಿಯಿರಿ

ಹಗಲಲ್ಲಿ ಅಟ್ಟಿಸಿಕೊಂಡು ಹೋಗಿ ಹಿಡಿದ ಕೋಳಿಯ ಮುಖ, ಜುಟ್ಟು ಎಲ್ಲ ಗಾಬರಿಗೆ ಬಣ್ಣ ಬದಲಿಸುತ್ತವೆ. ಕತ್ತಲಾಗಿ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ. ಎರಡೂ ಕಾಲನ್ನು ಬೆರಳ ಸಂದಿಯಲ್ಲಿ ಹಿಡಿದು, ಎದೆಯನ್ನು ಅಂಗೈ ಮೇಲೆ ಕೂರಿಸಿಕೊಂಡರೆ ಒದ್ದಾಡುವುದಿಲ್ಲ. ಟಾರ್ಚ್ ಬಿಳಿ ಬೆಳಕಿನದಾಗಿರಲಿ. ಹಳದಿ ಬಲ್ಬಿನ ಕೆಳಗೆ ಬಿಳಿ ಕಾಲೂ ಹಳದಿಯಾಗಿ ಕಾಣುತ್ತದೆ.

ಹೆಜ್ಜೆ 3: ಕೊಕ್ಕು ನೋಡಿ

ಕೊಕ್ಕಿನ ತುದಿ ಮೊಂಡಾಗಿ ಕತ್ತರಿಸಿದ ಹಾಗಿದೆಯಾ? ಹಾಗಾದರೆ ಅದು ನಿಮ್ಮೂರಲ್ಲಿ ಹುಟ್ಟಿದ್ದಲ್ಲ. ಲೇಯರ್ ಫಾರಂಗಳಲ್ಲಿ ಕೋಳಿಗಳು ಒಂದನ್ನೊಂದು ಕುಕ್ಕಬಾರದು ಎಂದು ಮರಿ ಇದ್ದಾಗಲೇ ಕೊಕ್ಕು ಕತ್ತರಿಸುತ್ತಾರೆ. ಮೊಟ್ಟೆ ಕಮ್ಮಿಯಾದ ಮೇಲೆ ಹಳ್ಳಿಗಳಲ್ಲಿ ಮಾರುತ್ತಾರೆ. ಇಂಥ ಕೆಂಪು ಹೇಂಟೆ ಬಹುಪಾಲು ಬಿವಿ-380 ಥರದ ಕಂದು ಮೊಟ್ಟೆಯ ಲೇಯರ್. ಬಿಳಿ ಹೇಂಟೆಯಾದರೆ ಬಿಳಿ ಮೊಟ್ಟೆಯ ಲೇಯರ್. ಇವು ಕಾವಿಗೆ ಕೂರುವುದು ತೀರಾ ಅಪರೂಪ. ಕೊಕ್ಕು ಚೂಪಾಗಿದ್ದು, ಮೈ ಕೆಂಪಾಗಿದ್ದು, ವರ್ಷಕ್ಕೆರಡು ಸಲ ಕಾವಿಗೆ ಕೂರುವ ಹೇಂಟೆ ಇದ್ದರೆ ಅದರಲ್ಲಿ ನಾಟಿ ರಕ್ತ ಇದೆ ಎಂದೇ ಲೆಕ್ಕ.

ಹೆಜ್ಜೆ 4: ಕಿವಿಹಾಲೆ

ಕಿವಿತೂತಿನ ಕೆಳಗೆ ಇರುವ ಚಪ್ಪಟೆ ಚರ್ಮವೇ ಕಿವಿಹಾಲೆ. ಗದ್ದದ ಕೆಳಗೆ ನೇತಾಡುವ ಜೋಲು ಬೇರೆ. ಹಾಲೆ ಬಿಳಿಯಾದರೆ ಬಿಳಿ ಮೊಟ್ಟೆ, ಕೆಂಪಾದರೆ ಕಂದು ಮೊಟ್ಟೆ ಎನ್ನುವ ಮಾತು ನೀವು ಕೇಳಿರಬಹುದು. ಶುದ್ಧ ತಳಿಗಳಲ್ಲಿ ಇದು ಹೆಚ್ಚಾಗಿ ಸರಿ. ವೈಟ್ ಲೆಗ್‌ಹಾರ್ನ್‌ಗೆ ಬಿಳಿ ಹಾಲೆ, ಬಿಳಿ ಮೊಟ್ಟೆ. ರೋಡ್ ಐಲ್ಯಾಂಡ್ ರೆಡ್‌ಗೆ ಕೆಂಪು ಹಾಲೆ, ಕಂದು ಮೊಟ್ಟೆ. ಆದರೆ ಹಾಲೆ ಮೊಟ್ಟೆಗೆ ಬಣ್ಣ ಕೊಡುವುದಿಲ್ಲ. ಎರಡೂ ಒಂದೇ ತಳಿಯಲ್ಲಿ ಜೊತೆಯಾಗಿ ಬಂದಿವೆ ಅಷ್ಟೇ. ಬೆರಕೆಯಲ್ಲಿ ಆ ಜೊತೆ ಒಡೆದುಹೋಗುತ್ತದೆ. ಶುದ್ಧ ತಳಿಗಳಲ್ಲೂ ಅಪವಾದ ಇದೆ. ಇಂಗ್ಲೆಂಡಿನ ಡಾರ್ಕಿಂಗ್ ಕೋಳಿಗೆ ಹಾಲೆ ಕೆಂಪು, ಮೊಟ್ಟೆ ಬಿಳಿ.

ನಮ್ಮ ನಾಟಿ ಹೇಂಟೆಗಳಲ್ಲಿ ಕೆಂಪು ಹಾಲೆಯ ನಡುವೆ ಬಿಳಿ ಮಚ್ಚೆ ಇರುವುದು ಸಾಮಾನ್ಯ. ಅವು ಇಡುವುದು ಕೆನೆ ಬಣ್ಣದ ಅಥವಾ ತಿಳಿ ಕಂದು ಮೊಟ್ಟೆ. ಹಾಗಾಗಿ ಸ್ವಲ್ಪ ಬಿಳಿ ಕಂಡ ಕೂಡಲೇ ಬಿಳಿ ಮೊಟ್ಟೆ ಎಂದು ಬರೆದುಬಿಡಬೇಡಿ. ಹಾಲೆ ದೊಡ್ಡದಾಗಿ, ದುಂಡಗೆ, ಪೂರ್ತಿ ಬಿಳಿಯಾಗಿದ್ದರೆ ಮಾತ್ರ ಲೆಗ್‌ಹಾರ್ನ್ ರಕ್ತ ಜೋರಾಗಿದೆ ಎಂದು ತಿಳಿಯಿರಿ. ಹಾಲೆ ಕಡುನೇರಳೆ ಅಥವಾ ಕಪ್ಪಾಗಿದ್ದರೆ ಕಡಕ್‌ನಾಥ್ ಕಡೆ ಯೋಚಿಸಿ.

ಬಿಳಿ ಹೇಂಟೆಯಲ್ಲಿ ಈ ಗುರುತು ತುಂಬಾ ಉಪಯೋಗಕ್ಕೆ ಬರುತ್ತದೆ. ಲೆಗ್‌ಹಾರ್ನ್ ಬೆರಕೆಯೂ ಬಿಳಿ, ಬ್ರಾಯ್ಲರ್ ಬೆರಕೆಯೂ ಬಿಳಿ. ಹಾಲೆ ಬಿಳಿ, ಮೈ ಸಣ್ಣ, ಜುಟ್ಟು ದೊಡ್ಡದಾಗಿ ಒಂದು ಪಕ್ಕಕ್ಕೆ ಬಾಗಿದ್ದರೆ ಲೆಗ್‌ಹಾರ್ನ್. ಮೊಟ್ಟೆ ಬಿಳಿ ಅಥವಾ ಕೆನೆ. ಹಾಲೆ ಕೆಂಪು, ಎದೆ ಅಗಲ, ಕಾಲು ದಪ್ಪ ಇದ್ದರೆ ಬ್ರಾಯ್ಲರ್. ಮೊಟ್ಟೆ ತಿಳಿ ಕಂದು.

ಹೆಜ್ಜೆ 5: ಜುಟ್ಟು

ಇಲ್ಲೇ ವಿದೇಶಿ ಪಟ್ಟಿ ದಾರಿ ತಪ್ಪಿಸುವುದು. ಗರಗಸದ ಹಲ್ಲಿನಂತೆ ಒಂದೇ ಸಾಲಿನ ಎತ್ತರದ ಜುಟ್ಟು ಸಾಮಾನ್ಯವಾದದ್ದು. ಅದರಿಂದ ಹೆಚ್ಚೇನೂ ಗೊತ್ತಾಗುವುದಿಲ್ಲ. ಗಿಡ್ಡಗೆ, ತಲೆಗೆ ಅಂಟಿಕೊಂಡು, ಉದ್ದಕ್ಕೆ ಮೂರು ಸಾಲು ಸಣ್ಣ ಗುಬ್ಬಿಗಳಿರುವ ಜುಟ್ಟು ಇನ್ನೊಂದು ಬಗೆ. ಬಟಾಣಿ ಜುಟ್ಟು ಎಂದು ಕರೆಯೋಣ.

ಅಮೆರಿಕದಲ್ಲಿ ಬೆರಕೆ ಹೇಂಟೆಗೆ ಬಟಾಣಿ ಜುಟ್ಟು ಕಂಡರೆ ನೀಲಿ ಅಥವಾ ಹಸಿರು ಮೊಟ್ಟೆ ಬರಬಹುದು ಎಂದು ಖುಷಿಪಡುತ್ತಾರೆ. ಅಲ್ಲಿ ಅದಕ್ಕೆ ಕಾರಣ ಇದೆ. ನೀಲಿ ಮೊಟ್ಟೆಯ ಜೀನ್ ಮತ್ತು ಬಟಾಣಿ ಜುಟ್ಟಿನ ಜೀನ್ ಒಂದೇ ಕ್ರೋಮೋಸೋಮಿನಲ್ಲಿ ಹತ್ತಿರ ಹತ್ತಿರ ಇವೆ. ಅರೌಕಾನದಂಥ ನೀಲಿ ಮೊಟ್ಟೆಯ ತಳಿಗಳಲ್ಲಿ ಎರಡೂ ಒಟ್ಟಿಗೆ ಮಕ್ಕಳಿಗೆ ಹೋಗುತ್ತವೆ. ನಮ್ಮಲ್ಲಿ ಬಟಾಣಿ ಜುಟ್ಟು ಬಂದಿರುವುದು ಅಸೀಲ್ ಕೋಳಿಯಿಂದ. ಅಸೀಲ್‌ಗೆ ನೀಲಿ ಜೀನ್ ಇಲ್ಲ. ಅದರ ಮೊಟ್ಟೆ ಕೆನೆ ಅಥವಾ ತಿಳಿ ಕಂದು. ಆದ್ದರಿಂದ ಬೇಲೂರಿನ ಹಿತ್ತಲಲ್ಲಿ ಬಟಾಣಿ ಜುಟ್ಟು, ಉದ್ದ ಕುತ್ತಿಗೆ, ನೆಟ್ಟಗಿನ ನಿಲುವು, ಮೈಗೆ ಬಿಗಿಯಾಗಿ ಅಂಟಿದ ಪುಕ್ಕ ಕಂಡರೆ ಅಸೀಲ್ ಎಂದೇ ಬರೆದುಕೊಳ್ಳಿ. ನೀಲಿ ಮೊಟ್ಟೆಯ ಆಸೆ ಬೇಡ.

ಹೆಜ್ಜೆ 6: ಕಾಲು ಮತ್ತು ಚರ್ಮ

ಹಳದಿ ಕಾಲಿನ ವಿಷಯ ನಮಗೆ ಹತ್ತಿರದ್ದು. ನಾಟಿ ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ನಾವು ಓದಿದ್ದೇವೆ. ಆದರೆ ಹಳದಿ ಚರ್ಮದ ಜೀನ್ ಅದರಿಂದ ಬಂದದ್ದಲ್ಲ. ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಬೂದು ಕಾಡುಕೋಳಿ ಅಂದರೆ ನಮ್ಮ ಪಶ್ಚಿಮ ಘಟ್ಟದ್ದೇ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟದಲ್ಲಿ ಬೆಳಗಿನ ಜಾವ ಕೂಗುವುದು ಅದೇ.

ಹಳದಿ ಬಣ್ಣ ಮಗಳಲ್ಲಿ ಕಾಣಬೇಕಾದರೆ ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನ್ ಬರಬೇಕು. ಅಂದರೆ ಹಳದಿ ಕಾಲಿನ ಬೆರಕೆ ಹೇಂಟೆಯ ಎರಡೂ ಕಡೆ ಆ ರಕ್ತ ಇದೆ. ಬಿಳಿ ಕಾಲಿನ ಕೋಳಿಯಲ್ಲಿ ಅದು ಅಡಗಿರಲೂಬಹುದು.

ಒಂದು ಎಚ್ಚರಿಕೆ. ಚೆನ್ನಾಗಿ ಮೊಟ್ಟೆ ಇಡುವ ಹೇಂಟೆಯ ಹಳದಿ ಕರಗುತ್ತಾ ಹೋಗುತ್ತದೆ. ಮೊದಲು ಮೊಟ್ಟೆ ಬರುವ ದ್ವಾರ, ಆಮೇಲೆ ಕಣ್ಣಿನ ಸುತ್ತ, ಆಮೇಲೆ ಕೊಕ್ಕು, ಕೊನೆಗೆ ಕಾಲು. ಆದ್ದರಿಂದ ಕಾಲಿನ ಮುಂಭಾಗ ನೋಡಿ ಬಿಳಿ ಎಂದು ತೀರ್ಮಾನಿಸಬೇಡಿ. ಕಾಲನ್ನು ತಿರುಗಿಸಿ, ಹಿಂಭಾಗದಲ್ಲಿ ಮೇಲಿನ ಗಂಟಿನ ಹತ್ತಿರ ನೋಡಿ. ಬಣ್ಣ ಕೊನೆಗೆ ಹೋಗುವುದು ಅಲ್ಲಿಂದ.

ಕಪ್ಪು ಚರ್ಮ ಅಪ್ಪನನ್ನೇ ತೋರಿಸಿಕೊಡುತ್ತದೆ. ಹೇಂಟೆಗೆ ಲಿಂಗ ನಿರ್ಧರಿಸುವ ಝಡ್ ಕ್ರೋಮೋಸೋಮ್ ಒಂದೇ, ಅದು ಬರುವುದು ಅಪ್ಪನಿಂದ. ಚರ್ಮದ ಕಪ್ಪನ್ನು ತಡೆಯುವ ಜೀನ್ ಇರುವುದು ಅದರಲ್ಲಿ. ಕಡಕ್‌ನಾಥ್ ಹುಂಜ, ತಿಳಿ ಕಾಲಿನ ನಾಟಿ ಹೇಂಟೆ ಕೂಡಿದರೆ ಹೆಣ್ಣುಮರಿಗಳ ಚರ್ಮ ಕಪ್ಪಾಗುತ್ತದೆ. ತಿಳಿ ಕಾಲಿನ ಹುಂಜ, ಕಡಕ್‌ನಾಥ್ ಹೇಂಟೆ ಆದರೆ ಹೆಣ್ಣುಮರಿಗಳ ಕಾಲು, ಚರ್ಮ ತಿಳಿಯಾಗುತ್ತದೆ, ಅಲ್ಲಲ್ಲಿ ಕಪ್ಪು ಉಳಿಯಬಹುದು. ಹೀಗಾಗಿ ಪೂರ್ತಿ ಕಪ್ಪು ಬೆರಕೆ ಹೇಂಟೆ ಸಿಕ್ಕರೆ ಅದರ ಅಪ್ಪ ಹೆಚ್ಚಾಗಿ ಕಪ್ಪುಕಾಲಿನ ಹುಂಜ, ಇಲ್ಲವೇ ಆ ರಕ್ತ ಅಡಗಿರುವ ಬೆರಕೆ ಹುಂಜ.

ಕಡಕ್‌ನಾಥ್ ಕಪ್ಪು ಮೊಟ್ಟೆ ಇಡುತ್ತದೆ ಎಂದು ನಂಬಿಸಿ ಮಾರುವವರಿದ್ದಾರೆ. ಮಧ್ಯಪ್ರದೇಶದ ಝಾಬುವಾ ಕಡೆಯ ಅಸಲಿ ಕಡಕ್‌ನಾಥ್‌ನ ಮೊಟ್ಟೆಯೂ ಕೆನೆ, ತಿಳಿ ಕಂದು ಬಣ್ಣದ್ದೇ. ಯಾವ ಕೋಳಿಯೂ ಕಪ್ಪು ಮೊಟ್ಟೆ ಇಡುವುದಿಲ್ಲ.

ಹೆಜ್ಜೆ 7: ಪುಕ್ಕ, ಕುತ್ತಿಗೆ

ಜನ ಮೊದಲು ನೋಡುವುದು ಪುಕ್ಕವನ್ನು. ನಾನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಮೊಟ್ಟೆಯ ಬಣ್ಣದ ಬಗ್ಗೆ ಅದು ಹೇಳುವುದು ಕಮ್ಮಿ. ಮೂರು ಗುರುತು ಸಾಕು. ಮೈಯೆಲ್ಲ ಬಿಳಿ, ನಡುನಡುವೆ ಒಂದೆರಡು ಕಪ್ಪು ಪುಕ್ಕ ಇದ್ದರೆ ಬಿಳಿ ತಳಿಯ ಒಂದು ಪಾಲು ಇದೆ. ಪುಕ್ಕದ ಮೇಲೆ ಅಡ್ಡಡ್ಡ ಕಪ್ಪುಬಿಳಿ ಪಟ್ಟೆ ಇರುವ ಹೇಂಟೆಗೆ ಸಾಮಾನ್ಯವಾಗಿ ಆ ಗುಣ ಬಂದಿರುವುದು ಅಪ್ಪನಿಂದ, ಈ ಜೀನ್ ಕೂಡ ಝಡ್ ಕ್ರೋಮೋಸೋಮಿನದೇ. ಅಪ್ಪ ಬಿಳಿ ಹುಂಜವಾಗಿದ್ದರೆ ಅದರಲ್ಲಿ ಪಟ್ಟೆ ಕಾಣದೆ ಅಡಗಿರಲೂಬಹುದು. ಬೋಳು ಕುತ್ತಿಗೆಯ ಹೇಂಟೆಗೆ ಕುತ್ತಿಗೆಯ ಮುಂದೆ ಒಂದು ಗೊಂಚಲು ಪುಕ್ಕ ಉಳಿದಿದ್ದರೆ ಬೋಳು ಗುಣ ಒಂದೇ ಕಡೆಯಿಂದ ಬಂದಿದೆ. ಗೊಂಚಲೂ ಇಲ್ಲದಿದ್ದರೆ ಎರಡೂ ಕಡೆಯಿಂದ.

ಹೆಜ್ಜೆ 8: ಎಲ್ಲ ಸೇರಿಸಿ ಅಂದಾಜು ಮಾಡಿ

ಕಂದು ಬಣ್ಣಕ್ಕೆ ಒಂದಲ್ಲ, ಹಲವು ಜೀನ್‌ಗಳು ಕಾರಣ. ಹಾಗಾಗಿ ಮಗಳ ಮೊಟ್ಟೆ ಸಾಮಾನ್ಯವಾಗಿ ಎರಡೂ ಕಡೆಯ ನಡುವಿನ ಬಣ್ಣಕ್ಕೆ ಬರುತ್ತದೆ. ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ, ಹೆಸರಘಟ್ಟದ ಕಾವೇರಿ, ಹೈದರಾಬಾದಿನ ವನರಾಜ, ಇವೆಲ್ಲ ಕಂದು ಕಡೆಯವು. ಇವಕ್ಕೆ ನಾಟಿ ಹುಂಜ ಸೇರಿದರೆ ಮಗಳದು ತಿಳಿ ಕಂದು. ಲೆಗ್‌ಹಾರ್ನ್‌ಗೆ ನಾಟಿ ಸೇರಿದರೆ ಕೆನೆ. ಬಿವಿ-380ಗೆ ನಾಟಿ ಸೇರಿದರೆ ನಡು ಕಂದು. ಅಸೀಲ್, ಕಡಕ್‌ನಾಥ್, ನಾಟಿ ಈ ಮೂರು ತಮ್ಮತಮ್ಮಲ್ಲಿ ಹೇಗೆ ಬೆರೆತರೂ ಕೆನೆಯಿಂದ ತಿಳಿ ಕಂದಿನ ಒಳಗೇ.

ಒಂದು ಹೇಂಟೆಯನ್ನು ಹಿಡಿದು ನೋಡೋಣ. ಮೈ ಇಟ್ಟಿಗೆ ಕೆಂಪು, ಕುತ್ತಿಗೆಯಲ್ಲಿ ಕಪ್ಪು ಚುಕ್ಕೆ. ಕೊಕ್ಕು ಚೂಪು. ಹಾಲೆ ಕೆಂಪು, ನಡುವೆ ಕಡಲೆಕಾಳಿನಷ್ಟು ಬಿಳಿ ಮಚ್ಚೆ. ಬಟಾಣಿ ಜುಟ್ಟು. ಕಾಲಿನ ಮುಂಭಾಗ ಬಿಳಿಚಿಕೊಂಡಿದೆ, ಹಿಂದೆ ಗಂಟಿನ ಹತ್ತಿರ ಹಳದಿ. ಕೊಕ್ಕು ಚೂಪಾಗಿದೆ, ಜುಟ್ಟು ಬಟಾಣಿ, ಆದ್ದರಿಂದ ಇದು ಫಾರಂನ ಲೇಯರ್ ಅಲ್ಲ. ಜುಟ್ಟು ಅಸೀಲ್ ಕಡೆಯದು. ಬಿಳಿ ಮಚ್ಚೆ ನಾಟಿಯಲ್ಲಿ ಮಾಮೂಲಿ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೆಂಪು ಮೈ ನಾಟಿಯದೂ ಇರಬಹುದು, ಗಿರಿರಾಜದ ಕಡೆಯದೂ ಇರಬಹುದು. ಕಾಲಿನ ಬಣ್ಣ ಕರಗಿದೆ, ಅಂದರೆ ಕೆಲವು ತಿಂಗಳಿಂದ ಮೊಟ್ಟೆ ಇಡುತ್ತಿದೆ. ನಾನಾದರೆ "ತಿಳಿ ಕಂದು, ಹೆಚ್ಚೆಂದರೆ ನಡು ಕಂದು, ಬಿಳಿ ಅಲ್ಲ, ನೀಲಿ ಅಲ್ಲ" ಎಂದು ಬರೆದುಕೊಳ್ಳುತ್ತೇನೆ. ಬೆರಕೆ ಕೋಳಿಯಲ್ಲಿ ಇದಕ್ಕಿಂತ ಖಚಿತವಾಗಿ ಹೇಳುವವರನ್ನು ನಂಬಬೇಡಿ.

ನೀಲಿ ಮೊಟ್ಟೆಯ ಕೋಳಿ ಎಂದು ಯಾರಾದರೂ ಮರಿ ಮಾರಲು ಬಂದರೆ ಮರಿ ನೋಡಬೇಡಿ, ಅಮ್ಮನ ಮೊಟ್ಟೆಯ ಒಡೆದ ಚಿಪ್ಪು ಕೇಳಿ. ಒಳಮೈಯೂ ನೀಲಿ ಇದ್ದರೆ ಮಾತು ನಿಜ. ಈ ಗುಣಕ್ಕೆ ಕಾರಣ ಬಲು ಹಿಂದೆ ಕೋಳಿಯ ಜೀನ್‌ಗಳ ನಡುವೆ ಸೇರಿಕೊಂಡ ಒಂದು ವೈರಸ್ಸಿನ ತುಣುಕು ಎಂದು 2013ರಲ್ಲಿ ಗೊತ್ತಾಯಿತು. ಅದರ ಒಂದೇ ಪ್ರತಿ ಇದ್ದರೂ ಮೊಟ್ಟೆ ನೀಲಿಯಾಗುತ್ತದೆ. ಆದರೆ ಅಮ್ಮನಲ್ಲಿ ಒಂದೇ ಪ್ರತಿ ಇದ್ದು, ಅಪ್ಪ ನಾಟಿ ಹುಂಜವಾದರೆ, ಹೆಣ್ಣುಮರಿಗಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಅದು ಬರುತ್ತದೆ. ನಾಟಿ ಜೊತೆ ಬೆರೆತಾಗ ಮೊಟ್ಟೆ ನೀಲಿಗಿಂತ ಹಸಿರಿಗೆ ವಾಲುವುದೇ ಜಾಸ್ತಿ.

ಹೆಜ್ಜೆ 9: ಯಾವ ಮೊಟ್ಟೆ ಯಾರದ್ದು ಎಂದು ಖಚಿತ ಮಾಡಿಕೊಳ್ಳಿ

ಹೇಂಟೆ ಮೊಟ್ಟೆಗೆ ಬಂದಿದೆಯೇ ಎಂದು ಮೊದಲು ನೋಡಿ. ಜುಟ್ಟು ಕೆಂಪೇರಿರಬೇಕು. ಬಾಲದ ಕೆಳಗಿನ ಎರಡು ಎಲುಬಿನ ತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಯಬೇಕು. ಒಂದೇ ಬೆರಳು ಹಿಡಿದರೆ ಇನ್ನೂ ಕಾಯಬೇಕು. ನಾಟಿ ರಕ್ತ ಜಾಸ್ತಿ ಇದ್ದರೆ ಆರೇಳು ತಿಂಗಳಾದರೂ ಆಶ್ಚರ್ಯವಿಲ್ಲ. ಲೇಯರ್ ಬೆರಕೆ ಐದು ತಿಂಗಳಿಗೇ ಶುರು ಮಾಡಬಹುದು.

ನಮ್ಮ ಹಳ್ಳಿಯ ಹೆಂಗಸರು ಬೆಳಗ್ಗೆ ಗೂಡು ತೆಗೆಯುವ ಮೊದಲೇ ಬೆರಳಿಟ್ಟು ಮೊಟ್ಟೆ ಇದೆಯೋ ಇಲ್ಲವೋ ನೋಡುತ್ತಾರೆ. ಇದ್ದರೆ ಆ ಹೇಂಟೆಯನ್ನು ಮಂಕರಿ ಕವುಚಿ ಕೂರಿಸುತ್ತಾರೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೆಳಗೆ ಹುಲ್ಲು ಹಾಸಿ, ಕುಡಿಯಲು ನೀರಿಡಿ, ಮೊಟ್ಟೆ ಇಟ್ಟ ಕೂಡಲೇ ಬಿಟ್ಟುಬಿಡಿ. ಬೆರಳಿಡುವ ಅಭ್ಯಾಸ ಇಲ್ಲದವರು ಕೇಕ್‌ಗೆ ಹಾಕುವ ಬಣ್ಣವನ್ನು ಸಂಜೆ ದ್ವಾರಕ್ಕೆ ಸ್ವಲ್ಪ ಹಚ್ಚಬಹುದು. ಮಾರನೆಯ ದಿನ ಅದೇ ಬಣ್ಣದ ಗೆರೆ ಮೊಟ್ಟೆಯ ಮೇಲೆ ಬರುತ್ತದೆ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ ಹಚ್ಚಿದರೆ ಎರಡು ಮೂರು ಹೇಂಟೆಗಳನ್ನು ಒಟ್ಟಿಗೆ ನೋಡಬಹುದು.

ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಕು, ಹೇಂಟೆಯ ಗುರುತು ಬರೆಯಿರಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಕಾಗದದ ಮೇಲಿಟ್ಟು ನೋಡಿ. ಮೊದಲ ಮೊಟ್ಟೆಯೊಂದನ್ನೇ ನಂಬಬೇಡಿ, ಹತ್ತು ಮೊಟ್ಟೆ ಆಗಲಿ. ಕೆಲವು ಮೊಟ್ಟೆಗಳ ಮೇಲೆ ಹೊರಗಿನ ರಕ್ಷಣೆಯ ಪದರ ದಪ್ಪವಾಗಿ ಕೂತು ಗುಲಾಬಿ ಅಥವಾ ಬೂದಿ ಛಾಯೆ ಕಾಣುತ್ತದೆ. ನೀರಲ್ಲಿ ತೊಳೆದರೆ ಆ ಛಾಯೆ ಹೋಗುತ್ತದೆ. ಕಾವಿಗೆ ಇಡುವ ಮೊಟ್ಟೆ ಮಾತ್ರ ತೊಳೆಯಬೇಡಿ, ಆ ಪದರ ಹೋದರೆ ರೋಗಾಣು ಒಳಗೆ ನುಗ್ಗುತ್ತದೆ.

ಬಣ್ಣ ಬದಲಾದರೆ

ಬಿಳಿ ಮೊಟ್ಟೆಯ ಹೇಂಟೆ ಕಂದು ಮೊಟ್ಟೆಗೆ, ಕಂದಿನದು ನೀಲಿಗೆ ತಿರುಗುವುದಿಲ್ಲ. ಆದರೆ ಕಂದು ತೆಳುವಾಗುವುದು ಸಹಜ. ಮೊಟ್ಟೆಯ ಸುತ್ತಿನ ಶುರುವಿನಲ್ಲಿ ಗಾಢ, ತಿಂಗಳು ಕಳೆದಂತೆ ತಿಳಿ. ಮೊಟ್ಟೆಯ ಗಾತ್ರ ದೊಡ್ಡದಾದಂತೆ ಅಷ್ಟೇ ಬಣ್ಣ ಜಾಸ್ತಿ ಜಾಗಕ್ಕೆ ಹರಡಬೇಕಲ್ವಾ? ಪುಕ್ಕ ಉದುರಿಸಿ, ವಿಶ್ರಾಂತಿ ತೆಗೆದುಕೊಂಡು ಮತ್ತೆ ಶುರು ಮಾಡಿದಾಗ ಗಾಢ ಬಣ್ಣ ವಾಪಸ್ ಬರುತ್ತದೆ. ನಾಯಿ, ಮುಂಗುಸಿ ಅಟ್ಟಿಸಿದ ಮರುದಿನ ಒಂದೆರಡು ಮೊಟ್ಟೆ ಪೇಲವವಾಗಿ ಬಂದರೂ ಹೆದರಬೇಕಿಲ್ಲ. ಕಡೂರು, ಅರಸೀಕೆರೆ ಕಡೆಯ ಬೇಸಿಗೆಯ ಬಿಸಿಲಿಗೂ ಬಣ್ಣ ಕಮ್ಮಿಯಾಗುತ್ತದೆ, ಚಿಪ್ಪೂ ತೆಳುವಾಗುತ್ತದೆ.

ಹೆದರಬೇಕಾದ್ದು ಬೇರೆ ಇದೆ. ಕಂದು ಮೊಟ್ಟೆ ಇದ್ದಕ್ಕಿದ್ದ ಹಾಗೆ ಬಿಳಿಚಿಕೊಂಡು, ಚಿಪ್ಪು ಮೆತ್ತಗಾಗಿ ಅಥವಾ ಸುಕ್ಕುಗಟ್ಟಿ, ಒಳಗಿನ ಬಿಳಿ ಲೋಳೆ ನೀರಾಗಿ ಬಂದರೆ, ಅದೂ ಒಂದೇ ವಾರದಲ್ಲಿ ಹಲವು ಹೇಂಟೆಗಳಿಗೆ ಹಾಗಾದರೆ, ಅದು ರೋಗದ ಗುರುತು. ಕೊಕ್ಕರೆ ರೋಗ (ರಾಣಿಖೇತ್), ಉಸಿರಾಟದ ಸೋಂಕು ಎರಡರಲ್ಲೂ ಹೀಗಾಗಬಹುದು. ಆಗ ಆ ಹೇಂಟೆಗಳನ್ನು ಬೇರೆ ಕೂಡಿ, ಅವುಗಳ ಮೊಟ್ಟೆ ಕಾವಿಗೆ ಇಡುವುದನ್ನು ನಿಲ್ಲಿಸಿ, ಎರಡು ಮೊಟ್ಟೆ ಕೈಯಲ್ಲಿ ಹಿಡಿದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಹಾಸನದ ಸುತ್ತಮುತ್ತಲಿನವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ. ಮೊಟ್ಟೆ ಇಟ್ಟ ತಾರೀಕು, ಮೊದಲಿನ ಬಣ್ಣ ಬರೆದಿಟ್ಟ ಚೀಟಿ ಜೊತೆಗಿದ್ದರೆ ಡಾಕ್ಟರಿಗೆ ಕಾಯಿಲೆ ಹಿಡಿಯುವುದು ಸುಲಭವಾಗುತ್ತದೆ.